ಅಂಟಿಸಿದ ಕೊನೆಯ ಹಾಳೆ

ಕಚೇರಿಯ ಮೊಗಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಊರಿನ ಹಳೆಯ ಸನ್ನದು, ಮೊದಲ ನಕಾಶೆ, ಮೊದಲ ಕಾನೂನಿನ ಪ್ರತಿ ಇದ್ದವು. ಅವುಗಳ ಪಕ್ಕ ಒಂದು ಧರ್ಮಗ್ರಂಥವನ್ನೂ ಇಡಬೇಕು, ಅದೂ ಚಾರಿತ್ರಿಕ ದಾಖಲೆಯೇ ಎಂದು ಮೇಲಿನಿಂದ ಆದೇಶ ಬಂತು. ಹೆಡ್ ಕ್ಲರ್ಕ್ ಊರಿನ ಒಬ್ಬ ಅಜ್ಜಿಯ ಮನೆಯಿಂದ ನೂರು ವರ್ಷದ ಪ್ರತಿಯೊಂದನ್ನು ಎರವಲು ತಂದರು.

"ದೇವರಿಗೂ ಇನ್‌ವಾರ್ಡ್ ನಂಬರ್ ಬಿತ್ತು ನೋಡಮ್ಮ," ಎಂದು ನಕ್ಕರು.

ಕಾಗದಪತ್ರಗಳಿಗೆ ಚೌಕಟ್ಟು ಹಾಕಿ ಪೆಟ್ಟಿಗೆಯಲ್ಲಿ ಕೂರಿಸುವುದು ನನ್ನ ಕೆಲಸ. ಈ ಪುಸ್ತಕ ಮಾತ್ರ ಹೇಳಿದ ಮಾತು ಕೇಳಲಿಲ್ಲ. ನಡುವೆ ತೆರೆದಿಟ್ಟರೆ ಮಗುಚಿಕೊಳ್ಳುತ್ತಿತ್ತು. ಉದ್ಘಾಟನೆಗೆ ಒಂದು ಗಂಟೆ ಉಳಿದಿತ್ತು. ಮಗಳ ಶಾಲೆ ಬಿಡುವ ಹೊತ್ತೂ ಅದೇ. ಮೂಲಪ್ರತಿಗೆ ಅಂಟು ತಾಗಿಸಬಾರದು, ಕಾಗದದ ಪಟ್ಟಿ ಸುತ್ತಿ ಹಿಡಿಸಬೇಕು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಹಿಂದಿನ ರಟ್ಟು ಎಂದೋ ಕಳಚಿಹೋಗಿತ್ತು. ಕೊನೆಯ ಹಾಳೆಯಲ್ಲಿ ಶಾಯಿಯ ನಾಲ್ಕೈದು ಸಾಲು ಕಂಡವು. ಮನೆಯವರ ಯಾವುದೋ ಗೀಚು ಎಂದುಕೊಂಡು ಮೈದಾ ಅಂಟು ಬಳಿದು ಪೆಟ್ಟಿಗೆಯೊಳಗಿನ ಹಲಗೆಗೆ ಒತ್ತಿಬಿಟ್ಟೆ.

ಆಮೇಲೆ ಎಂಟು ತಿಂಗಳು, ಗ್ರಂಥ ಅಲ್ಲಿರಬೇಕು ಎನ್ನುವವರೂ ಇರಬಾರದು ಎನ್ನುವವರೂ ಆ ಗಾಜಿನ ಮುಂದೆ ಗಂಟಲು ಹರಿದುಕೊಂಡರು. ಕೊನೆಗೆ ತೆಗೆದುಬಿಡಿ ಎಂದು ಇನ್ನೊಂದು ಆದೇಶ ಬಂತು. ಪುಸ್ತಕ ಒಯ್ಯಲು ಅಜ್ಜಿಯೇ ಬಂದರು.

"ಕೊನೇ ಹಾಳೆ ಒಂದ್ಸಲ ತೋರ್ಸು ತಾಯಿ. ನಮ್ಮನೇಲಿ ಹುಟ್ಟು ಸಾವೆಲ್ಲ ಅದ್ರಲ್ಲೇ ಬರೆಯೋದು. ನನ್ನ ಮೊದಲ್ನೇ ಕೂಸು ಒಂಬತ್ತೇ ದಿನ ಇದ್ದಿದ್ದು. ಫೋಟೋ ಇಲ್ಲ, ಸರ್ಟಿಫಿಕೇಟ್ ಇಲ್ಲ. ನಮ್ಮನೆಯವರು ಅವನ ಹೆಸರು ಅಲ್ಲಿ ಬರೆದಿಟ್ಟು ಹೋದ್ರು. ಕೊಡೋಕೆ ಮನಸ್ಸೇ ಇರ್ಲಿಲ್ಲ. ಗಾಜಿನೊಳಗೆ ನಿಮ್ಮನೆಗಿಂತ ಭದ್ರ ಅಂದ್ರು ಇವ್ರು."

ಹೆಡ್ ಕ್ಲರ್ಕ್ ಕಿಟಕಿಯ ಕಡೆ ನೋಡಿದರು.

ಅಂಟಿಸಿದ್ದನ್ನು ಹೇಳಿದೆ. ಅಜ್ಜಿ ಬೈಯಲಿಲ್ಲ. ಒದ್ದೆ ಬಟ್ಟೆ, ತೆಳು ಚಾಕು ತಂದು ಅವರೆದುರೇ ಕುಳಿತೆ.

"ಅವಸರ ಬೇಡ ಕಣಮ್ಮ. ಐವತ್ತು ವರ್ಷ ಕಾದಿದೆ ಅದು."

ಅರ್ಧ ಗಂಟೆಗೆ ಹಾಳೆ ಹರಿಯದೆ ಎದ್ದಿತು. ಶಾಯಿ ಮಾತ್ರ ನೀಲಿ ನೀರಾಗಿತ್ತು. ಮೇಲೊಂದು ಅಕ್ಷರದ ಕೊಂಬು ಉಳಿದಿತ್ತು, ಅಷ್ಟೇ. ಅಜ್ಜಿ ಕನ್ನಡಕ ಒರೆಸಿ ನೋಡಿದರು. ಮತ್ತೆ ಒರೆಸಿದರು.

"ಹೆಸರು ಹೇಳಿ ಅಜ್ಜಿ, ಅಲ್ಲೇ ದುಂಡಗೆ ಬರೆದುಕೊಡ್ತೀನಿ," ಎಂದೆ.

"ನೀನು ಬರೆದ್ರೆ ಅದು ಬರೀ ಚೀಟಿ ಆಗತ್ತೆ ತಾಯಿ. ಅಲ್ಲಿದ್ದಿದ್ದು ಅವರ ಕೈಬರಹ ಅಲ್ವಾ."

ಹೆಡ್ ಕ್ಲರ್ಕ್ ಮೆಲ್ಲಗೆ ರಸೀದಿ ಮುಂದಿಟ್ಟರು. 'ಪುಸ್ತಕ ಸುಸ್ಥಿತಿಯಲ್ಲಿ ತಲುಪಿದೆ' ಎಂದು ಟೈಪಾಗಿತ್ತು. ಅಜ್ಜಿ ಅದನ್ನು ಓದಿ ನನ್ನ ನೀಲಿಯಾದ ಬೆರಳುಗಳನ್ನು ನೋಡಿದರು.

"ನಾನು ಸಹಿ ಹಾಕದಿದ್ರೆ ನಿನ್ನ ಕೆಲಸಕ್ಕೆ ಸಂಚಕಾರಾನಾ?"

ನಾನು ಬೆರಳುಗಳನ್ನು ಒದ್ದೆ ಬಟ್ಟೆಗೆ ಒರೆಸಿಕೊಂಡೆ.

"ಮಕ್ಕಳೆಷ್ಟು?"

"ಇಬ್ಬರು."

ಅವರು ಸಹಿ ಹಾಕಿದರು. ಒದ್ದೆ ಹಾಳೆ ಮತ್ತೆಲ್ಲಿ ಅಂಟಿಕೊಂಡೀತೋ ಎಂದು ಪುಸ್ತಕವನ್ನು ಮುಚ್ಚದೆ, ಆ ಪುಟ ಮೇಲೆ ಮಾಡಿ ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲಿಳಿದರು.