ಏಳನೆಯ ಪ್ರಶ್ನೆ

ಗುರುವಾರ ಬಂತೆಂದರೆ ಸುಚಿತ್ರಾ ಹಾನುಬಾಳಿನ ಬಸ್ ನಿಲ್ದಾಣದಲ್ಲಿ ಒಂದು ಚೀಲಕ್ಕಾಗಿ ಕಾಯುತ್ತಿದ್ದಳು. ಬೆಳಗಿನ ಬಸ್ಸಿನ ಕಂಡಕ್ಟರು ಕಿಟಕಿಯಿಂದಲೇ ಬಟ್ಟೆಯ ಕೈಚೀಲ ಚಾಚಿ, "ತಗಳಿ ಮೇಡಂ, ನಿಮ್ ಫೋನ್ ಸಂತೆ ಬಂತು" ಅನ್ನುತ್ತಿದ್ದ. ಒಳಗೆ ಹದಿನಾಲ್ಕು ಮೊಬೈಲು. ಒಂದೊಂದಕ್ಕೂ ಒಂದೊಂದು ಚಿಂದಿ ಸುತ್ತಿದೆ, ಬೆನ್ನಿಗೆ ಗಾಯದ ಪ್ಲಾಸ್ಟರು ಅಂಟಿಸಿ ಹೆಸರು ಬರೆದಿದೆ: ಚೆಲುವಮ್ಮ, ಮಂಜುಶ್ರೀ, ಈರಮ್ಮ. ಸುತ್ತಲ ಗುಡ್ಡಗಳ ಹದಿನಾಲ್ಕು ಅಂಗನವಾಡಿಗಳ ಕಾರ್ಯಕರ್ತೆಯರು ತಮ್ಮ ಮೊಬೈಲನ್ನು ಹೀಗೆ ವಾರಕ್ಕೊಂದು ದಿನ ಸುಚಿತ್ರಾಳ ಹತ್ತಿರ ಕಲಿಯಲು ಕಳಿಸುತ್ತಿದ್ದರು. ಕಲಿಯಬೇಕಾದವರು ಮನೆಯಲ್ಲಿ, ಕಲಿಯಲು ಬಂದದ್ದು ಮೊಬೈಲು.

ಸುಚಿತ್ರಾ ಇಲಾಖೆಯ ನೌಕರಳಲ್ಲ. ಅಂಗನವಾಡಿಗಳಿಗೆ ಮೊಬೈಲು, ಆ್ಯಪು, ಆನ್‌ಲೈನ್ ತರಬೇತಿಗಳಲ್ಲಿ ನೆರವಾಗಲು ಗುತ್ತಿಗೆ ಹಿಡಿದ ಖಾಸಗಿ ಸಂಸ್ಥೆಯೊಂದರ ಹುಡುಗಿ. ಹುದ್ದೆಯ ಹೆಸರು 'ಡಿಜಿಟಲ್ ಸಹಾಯಕಿ'. ಕಾಗದದ ಪ್ರಕಾರ ಅವಳು ಒಂದೊಂದು ಅಂಗನವಾಡಿಗೂ ಹೋಗಿ, ಕಾರ್ಯಕರ್ತೆಯ ಪಕ್ಕ ಕೂತು, ಅವಳ ಕೈಯಿಂದಲೇ ಎಲ್ಲ ಮಾಡಿಸಬೇಕು. ಮೊದಲ ಮೂರು ತಿಂಗಳು ಹಾಗೇ ಮಾಡಿದ್ದಳು. ಜೀಪು ಇಳಿದು ಎರಡು ಮೈಲಿ ನಡೆದು ಹೋದರೆ ಅಲ್ಲಿ ಸಿಗ್ನಲ್ಲೇ ಇಲ್ಲ. ವಿಡಿಯೊ ತೆರೆದರೆ ನಡುವೆ ಒಂದು ಚಕ್ರ ತಿರುಗುತ್ತಾ ಕೂರುತ್ತಿತ್ತು. ಅಷ್ಟರಲ್ಲಿ ಒಲೆಯ ಮೇಲೆ ಬೇಳೆ ಉಕ್ಕುವುದು, ಒಂದು ಮಗು ಇನ್ನೊಂದರ ತಲೆಗೂದಲು ಹಿಡಿಯುವುದು, ಕಾರ್ಯಕರ್ತೆ ಎದ್ದು ಓಡುವುದು. ತಿಂಗಳ ಕೊನೆಗೆ ಮೇಲಿನಿಂದ ಪಟ್ಟಿ ಬರುತ್ತಿತ್ತು: ಹಾನುಬಾಳು ಕಡೆ, ತರಬೇತಿ ಮುಗಿಸಿದವರು ಶೂನ್ಯ.

ಆಗ ಈರಮ್ಮನೇ ಅಂದದ್ದು. "ನೀನೇ ಅದೇನೋ ಒತ್ಬುಡು ಕಣವ್ವ. ಈ ಡಬ್ಬಿಗೂ ನಂಗೂ ಆಗಿಬರಲ್ಲ. ನಿನ್ ಕೈಗೆ ಬಂದ್ರೆ ಹೇಳ್ದಂಗೆ ಕೇಳ್ತದೆ, ನನ್ ಕೈಗೆ ಬಂದ್ರೆ ಸುತ್ತಾಕ್ತದೆ."

ಅಂದಿನಿಂದ ಚೀಲ ಬರತೊಡಗಿತು. ಬಸ್ ನಿಲ್ದಾಣದ ಎದುರಿನ ಕೋಣೆಯಲ್ಲಿ ಮೇಜಿನ ಮೇಲೆ ಹದಿನಾಲ್ಕನ್ನೂ ಸಾಲಾಗಿ ಮಲಗಿಸಿ, ಧ್ವನಿ ತೆಗೆದು, ಎಲ್ಲದರಲ್ಲೂ ಒಂದೇ ವಿಡಿಯೊ ಹಚ್ಚಿ, ಸುಚಿತ್ರಾ ಸಾರಿಗೆ ಕಾಯಿ ತುರಿಯಲು ಹೋಗುತ್ತಿದ್ದಳು. ಕೊನೆಗೆ ಹತ್ತು ಪ್ರಶ್ನೆಗಳ ಪರೀಕ್ಷೆ. ಮೊದಲ ಮೊಬೈಲಿನಲ್ಲಿ ತಪ್ಪು ಮಾಡಿ, ತಿದ್ದಿ, ಸರಿಯುತ್ತರಗಳನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಳ್ಳುವುದು. ಮಿಕ್ಕ ಹದಿಮೂರಕ್ಕೆ ಅದನ್ನೇ ಒತ್ತುವುದು. ಒಂದು ಸಿ, ಎರಡು ಎ, ಹೀಗೆ. ತೀವ್ರ ಅಪೌಷ್ಟಿಕತೆಯ ಕೋರ್ಸಿನಲ್ಲಿ ಏಳನೆಯದು ಬಿ. ಹದಿನಾಲ್ಕು ಜನರಿಗೂ ನೂರಕ್ಕೆ ನೂರು ಬಂತು. ಸಕಲೇಶಪುರದ ಸಭೆಯಲ್ಲಿ ಸುಚಿತ್ರಾಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಕೋಣ ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಗುಡ್ಡದ ಮೇಲೆ ಐವತ್ತಾರು ವರ್ಷದ ಈರಮ್ಮ ಒಂದೇ ದಿನದಲ್ಲಿ ನೂರು ಅಂಕ ತೆಗೆದದ್ದು ಹೇಗೆಂದು ಒಬ್ಬರೂ ಕೇಳಲಿಲ್ಲ.

ಇದರಲ್ಲಿ ಮೋಸವಿದೆ ಎಂದು ಸುಚಿತ್ರಾಳಿಗೆ ಅನ್ನಿಸಿರಲಿಲ್ಲ. ಆ ಹೆಂಗಸರ ತಲೆಯ ಮೇಲಿನ ಒಂದು ಹೊರೆ ಇಳಿಸುತ್ತಿದ್ದೇನೆ ಅಂದುಕೊಂಡಿದ್ದಳು. ಅವರೂ ಹಾಗೇ ಹರಸುತ್ತಿದ್ದರು. ಚೀಲದಲ್ಲಿ ಮೊಬೈಲುಗಳ ಜೊತೆಗೆ ಒಂದಿಷ್ಟು ಕೆಸುವಿನ ಸೊಪ್ಪು, ನಾಲ್ಕು ನಿಂಬೆಹಣ್ಣು ಬರುತ್ತಿದ್ದವು.

ಈರಮ್ಮನ ಅಂಗನವಾಡಿ ಇದ್ದದ್ದು ಕಾಫಿ ಎಸ್ಟೇಟೊಂದರ ಲೈನಿನ ಕೊನೆಯ ಕೋಣೆಯಲ್ಲಿ. ಕೂಲಿಯವರ ಮನೆಗಳ ಸಾಲು ಅದು. ಈರಮ್ಮ ಅಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಮಕ್ಕಳನ್ನು ಕಾಯುತ್ತಿದ್ದಳು. ಯಾವ ಮಗು ಮೊಟ್ಟೆಯ ಹಳದಿ ಉಗುಳುತ್ತದೆ, ಯಾವುದು ಬೆನ್ನು ತಟ್ಟದೆ ಮಲಗುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ಜನವರಿಯ ಒಂದು ದಿನ, ಕಾಫಿ ಹಣ್ಣಿನ ಕುಯ್ಲು ಜೋರಾಗಿದ್ದಾಗ, ತೂಕದ ಲೆಕ್ಕ ಆ್ಯಪಿಗೆ ಏರಿಸಲು ಸುಚಿತ್ರಾ ಅಲ್ಲಿಗೆ ಹೋದಳು.

"ನಮ್ ಸ್ನೇಹಾನ ತೂಗು ಬಾ ಮೊದ್ಲು" ಎಂದು ಈರಮ್ಮ ಅವಸರ ಮಾಡಿದಳು.

ಸ್ನೇಹಾ ಪಂಕಜಾಕ್ಷಿಯ ಮಗಳು. ಎರಡು ವರ್ಷ. ತಮ್ಮ ಹುಟ್ಟಿದ ಮೇಲೆ ಎದೆಹಾಲು ತಪ್ಪಿ, ತೋಟಕ್ಕೆ ಹೋಗುವ ತಾಯಿ ಬೆಳಿಗ್ಗೆ ಕಲಸಿಟ್ಟ ಅನ್ನ ತಿಳಿಸಾರಿನಲ್ಲೇ ಬೆಳೆಯುತ್ತಿದ್ದ ಕೂಸು. ಡಿಸೆಂಬರಿನಲ್ಲಿ ಏಳು ಕಿಲೊ ಒಂಬೈನೂರು ಗ್ರಾಂ ಇದ್ದಳು. ಆ್ಯಪಿನಲ್ಲಿ ಅವಳ ಹೆಸರು ಕೆಂಪು, ಅಂದರೆ ತೂಕ ತೀರ ಕಡಿಮೆ. ಆ ಕೆಂಪು ಈರಮ್ಮನ ನಿದ್ದೆ ಕೆಡಿಸಿತ್ತು. ಒಂದು ತಿಂಗಳು ತನ್ನ ಪಾಲಿನ ಹಾಲನ್ನೂ ಆ ಮಗುವಿಗೇ ಕುಡಿಸಿದ್ದಳು, ಮಧ್ಯಾಹ್ನ ಬಿಸಿಲಿಗೆ ಕೂರಿಸಿಕೊಂಡು ಕಾಲಿಗೆ ಎಣ್ಣೆ ತಿಕ್ಕಿದ್ದಳು.

ತೂಕ ಒಂಬತ್ತು ಕಿಲೊ ನೂರು ಗ್ರಾಂ ತೋರಿಸಿತು. ಸುಚಿತ್ರಾ ಅದನ್ನು ಒತ್ತಿದಳು. ಸ್ನೇಹಾಳ ಹೆಸರು ಕಣ್ಣೆದುರೇ ಹಸಿರಾಯಿತು.

"ಹಸಿರು ಬಂತು ಈರಮ್ಮಕ್ಕ."

"ಬಂತಾ?" ಈರಮ್ಮ ಮೊಬೈಲನ್ನು ಇಸಿದುಕೊಂಡು ನೋಡಿದಳು. ಓದಲು ಕನ್ನಡಕ ಬೇಕು, ಬಣ್ಣಕ್ಕೆ ಬೇಡವಲ್ಲ. "ನೋಡಿದ್ಯಾ, ಮೈಕೈ ತುಂಬ್ಕಂಡೈತೆ. ಕಾಲ್ ಚೈನು ಉದುರಿ ಬೀಳ್ತಿತ್ತು, ಈಗ ತೆಗೆಯಾಕೆ ಬರಲ್ಲ."

ಚೈನು ಪಾದದ ಮೇಲೆ ಬಿಗಿದು ಕೂತಿತ್ತು. ಮಗುವಿನ ಕೆನ್ನೆ ಗುಂಡಗಿತ್ತು. ಆದರೆ ಅದು ಆಡುತ್ತಿರಲಿಲ್ಲ, ಬೆಲ್ಲದ ಚೂರು ಕೊಟ್ಟರೆ ಕೈ ಚಾಚಲಿಲ್ಲ, ಈರಮ್ಮನ ಮಡಿಲಲ್ಲಿ ಸುಮ್ಮನೆ ಎತ್ತಲೋ ನೋಡುತ್ತಿತ್ತು. ಜಾಣೆ, ಹಟವಿಲ್ಲ ಅಂದುಕೊಂಡರು ಇಬ್ಬರೂ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಅಂಗೈ ಎದುರಿಗೇ ಇತ್ತು. ಇವರು ಕನ್ನಡಿಯನ್ನು ನಂಬಿದರು. ಸುಚಿತ್ರಾ ಅವರಿಬ್ಬರ ಫೋಟೊ ತೆಗೆದು, 'ಕೆಂಪಿನಿಂದ ಹಸಿರಿಗೆ' ಎಂದು ತಲೆಬರಹ ಕೊಟ್ಟು, ತಿಂಗಳ ವರದಿಗೆ ಕಳಿಸಿದಳು.

ಒಂಬತ್ತನೆಯ ದಿನ ಸ್ನೇಹಾಳಿಗೆ ಭೇದಿ ಶುರುವಾಯಿತು. ಹತ್ತನೆಯ ದಿನ ಎಸ್ಟೇಟಿನ ಜೀಪಿನಲ್ಲಿ ಆಸ್ಪತ್ರೆಗೆ ತಂದರು. ವೈದ್ಯರು ಹೆಬ್ಬೆರಳಿನಿಂದ ಪಾದದ ಮೇಲೆ ಒತ್ತಿದರು, ಬೆರಳು ತೆಗೆದರು. ಒತ್ತಿದ ಕಡೆ ಗುಳಿ ಹಾಗೇ ಉಳಿಯಿತು. "ಇದು ಮಾಂಸ ಅಲ್ಲಮ್ಮ, ನೀರು. ಹೊಟ್ಟೆಗೆ ಸರಿಯಾಗಿ ಬೀಳದ ಮಗುವಿನ ಕಾಲು ಹೀಗೆ ಊದುತ್ತೆ. ಅಂಗನವಾಡೀಲಿ ಯಾರೂ ನೋಡಲಿಲ್ವಾ?" ಎಂದು ಪಂಕಜಾಕ್ಷಿಯನ್ನು ಕೇಳಿದರು. ಪಂಕಜಾಕ್ಷಿ, "ಹಸಿರು ಬಂದೈತೆ ಅಂದಿದ್ರು" ಅಂದಳಂತೆ. ಸಂಜೆ ಬಾಗಿಲು ದೀಪ ಹಚ್ಚುವ ಹೊತ್ತಿಗೆ ಮಗು ತೀರಿಕೊಂಡಿತು.

ಸುದ್ದಿ ಕೇಳಿದಾಗ ಸುಚಿತ್ರಾ ಮೇಜಿನ ಮುಂದೆ ಕೂತಿದ್ದಳು. ಕ್ಯಾಲೆಂಡರಿನ ಹಾಳೆ ಹುಡುಕಿ ತೆಗೆದಳು. ಏಳು, ಬಿ. ಆ ಪ್ರಶ್ನೆ ಏನೆಂದು ನೆನಪಾಗಲಿಲ್ಲ. ತನ್ನ ಮೊಬೈಲಿನಲ್ಲೇ ಕೋರ್ಸು ತೆರೆದು ನೋಡಿದಳು. 'ಮಗುವಿನ ಎರಡೂ ಪಾದಗಳಲ್ಲಿ ಊತವಿದ್ದರೆ ಏನು ಮಾಡಬೇಕು?' ಎ, ಹಾಲು ಹೆಚ್ಚು ಕೊಡಬೇಕು. ಬಿ, ತೂಕ ಎಷ್ಟೇ ಇದ್ದರೂ ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ಸಿ, ಮುಂದಿನ ತಿಂಗಳು ಮತ್ತೆ ತೂಗಬೇಕು. ಹದಿನಾಲ್ಕು ಸಲ ಇದಕ್ಕೆ ಸರಿಯುತ್ತರ ಒತ್ತಿದ ಬೆರಳು ಅವಳದೇ. ಸ್ನೇಹಾಳ ಕಾಲನ್ನು ಹಿಡಿದು ತೂಕಕ್ಕೆ ಕೂರಿಸಿದ ಕೈಯೂ ಅವಳದೇ. ಅವಳಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ವಿಚಾರಣೆ ಸಕಲೇಶಪುರದಲ್ಲಿ ನಡೆಯಿತು. ಈರಮ್ಮನನ್ನು ಕರೆಸಿದ್ದರು, ಆ್ಯಪಿನ ವಿವರ ಕೊಡಲು ಸುಚಿತ್ರಾಳನ್ನೂ ಕರೆಸಿದ್ದರು. ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಮಗು ಸತ್ತದ್ದು ಅವರಿಗೂ ನೋವಾಗಿತ್ತು, ಆ ನೋವಿಗೆ ಒಬ್ಬ ತಪ್ಪಿತಸ್ಥರು ಬೇಕಾಗಿತ್ತು. ಅವರ ಮುಂದೆ ಒಂದು ಬಣ್ಣದ ಪ್ರಮಾಣಪತ್ರ ಇತ್ತು. ಅಂಚಿಗೆ ಹೂಬಳ್ಳಿ, ನಡುವೆ ಈರಮ್ಮನ ಹೆಸರು, ಕೆಳಗೆ ನೂರಕ್ಕೆ ನೂರು.

"ಗೊತ್ತಿಲ್ಲ ಅಂತ ಹೇಳೋ ಹಾಗಿಲ್ಲ ಈರಮ್ಮ. ತರಬೇತಿ ತಗೊಂಡಿದೀರಿ. ಏಳನೇ ಪ್ರಶ್ನೆ ಇದೇ. ಸರಿಯಾಗಿ ಉತ್ತರಾನೂ ಕೊಟ್ಟಿದೀರಿ. ಗೊತ್ತಿದ್ದೂ ಯಾಕೆ ಕಳಿಸಲಿಲ್ಲ?"

ಈರಮ್ಮ ಕಾಗದ ನೋಡಿದಳು. ಆಮೇಲೆ ಸುಚಿತ್ರಾಳನ್ನು ನೋಡಿದಳು. ಬೇಡುವ ನೋಟವಲ್ಲ ಅದು, ದೂರುವುದೂ ಅಲ್ಲ. ನೀನು ಏನಾದರೂ ಹೇಳುತ್ತೀಯಾ ಎಂದು ಸುಮ್ಮನೆ ಕಾದ ನೋಟ. ಸುಚಿತ್ರಾ ಹೇಳಬೇಕಾದದ್ದು ಒಂದೇ ಮಾತು: ಸರ್, ಉತ್ತರ ಒತ್ತಿದ್ದು ನಾನು. ಆ ಮಾತು ಹೇಳಿದ್ದರೆ ಈರಮ್ಮ ಉಳಿಯುತ್ತಿದ್ದಳು. ಆದರೆ ಮಿಕ್ಕ ಹದಿಮೂರು ಹೆಂಗಸರ ಪ್ರಮಾಣಪತ್ರಗಳೂ ಬಯಲಾಗುತ್ತಿದ್ದವು, ಅವರ ಕೆಲಸಕ್ಕೂ ಕುತ್ತು. ಹೀಗೆ ಅವಳು ತನಗೆ ತಾನೇ ಹೇಳಿಕೊಂಡಳು. ಆ ಹದಿಮೂರು ಜನರ ಮರೆಯಲ್ಲಿ ಹದಿನಾಲ್ಕನೆಯವಳಾಗಿ ತಾನೂ ಅಡಗಿ ಕೂತಿರುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆದರಿದಳು, ಅಷ್ಟೇ.

ಈರಮ್ಮ ಕಾದಳು. ಆಮೇಲೆ ತಲೆ ತಗ್ಗಿಸಿ, "ಮರ್ತೋಯ್ತು ಸಾ" ಅಂದಳು.

ಗೊತ್ತಿದ್ದೂ ಮಾಡಿದ ನಿರ್ಲಕ್ಷ್ಯ ಎಂದು ಬರೆದುಕೊಂಡರು. ಈರಮ್ಮ ಅದರ ಕೆಳಗೆ ರುಜು ಹಾಕಿದಳು. ಹೊರಗೆ ಬಂದು ಬಸ್ಸಿಗೆ ನಿಂತಾಗ ಸುಚಿತ್ರಾಳಿಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಈರಮ್ಮನೇ ಹತ್ತಿರ ಬಂದು, "ಬೆಳ್ಗೆ ಏನಾದ್ರೂ ತಿಂದ್ಯೇನವ್ವ, ಮುಖ ಬಾಡೋಗೈತೆ" ಎಂದು ಕೇಳಿದಳು. ಬೈದಿದ್ದರೆ ಆಗುತ್ತಿತ್ತು ಎಂದು ಸುಚಿತ್ರಾ ಆಮೇಲೆ ಎಷ್ಟೋ ದಿನ ಅಂದುಕೊಂಡಳು.

ಹದಿನೈದು ದಿನಕ್ಕೆ ಈರಮ್ಮನನ್ನು ಕೆಲಸದಿಂದ ತೆಗೆದ ಆದೇಶ ಬಂತು. ಅದರ ಬೆನ್ನಿಗೇ ಇನ್ನೊಂದು: ಎಲ್ಲ ಕಾರ್ಯಕರ್ತೆಯರೂ ತೀವ್ರ ಅಪೌಷ್ಟಿಕತೆಯ ಕೋರ್ಸನ್ನು ಶನಿವಾರದೊಳಗೆ ಮತ್ತೊಮ್ಮೆ ಮುಗಿಸತಕ್ಕದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಬುದ್ಧಿಯೂ ಎಂಥದ್ದು! ಗುರುವಾರ ಕಂಡಕ್ಟರು ಎಂದಿನಂತೆ ಚೀಲ ಚಾಚಿದ. ಹದಿಮೂರು ಮೊಬೈಲು, ಒಂದು ಕಟ್ಟು ಕೆಸುವಿನ ಸೊಪ್ಪು.

ಸುಚಿತ್ರಾ ಚೀಲ ಬಿಚ್ಚಲಿಲ್ಲ. ಈ ಸಲ ಮಾಡುವುದಿಲ್ಲ, ವಾಪಸು ಕಳಿಸುತ್ತೇನೆ, ಒಂದೊಂದು ಊರಿಗೂ ನಡೆದು ಹೋಗಿ ಕಾಲು ಒತ್ತಿ ತೋರಿಸುತ್ತೇನೆ ಎಂದು ನಿಶ್ಚಯಿಸಿ, ಅದನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಅಂದು ಸಂಜೆಯ ಬಸ್ಸಿಗೂ, ಶುಕ್ರವಾರದ ಬಸ್ಸಿಗೂ ಅದು ಏರಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ಈರಮ್ಮ ನಿಂತಿದ್ದಳು. ಕಚೇರಿಗೆ ಒಪ್ಪಿಸಬೇಕಾದ ಮೊಬೈಲು ಕೈಯಲ್ಲಿತ್ತು.

"ಇದ್ನ ಕೊಟ್ಬುಡಾಕೆ ಹೊಂಟಿದೀನಿ. ಅದ್ಕೂ ಮುಂಚೆ ಒಂದ್ ಸಲ ತೋರ್ಸವ್ವ. ನಾನ್ ನೂರಕ್ಕೆ ನೂರು ತೆಗ್ದಿದ್ದು ಏನು ಅಂತ ನೋಡ್ಕಂಡು ಹೋಯ್ತೀನಿ."

ಸುಚಿತ್ರಾ ಅವಳನ್ನು ಕೂರಿಸಿ ವಿಡಿಯೊ ಹಚ್ಚಿದಳು. ಈ ಸಲ ಧ್ವನಿ ಕೊಟ್ಟಳು. ಒಳಗಿನ ಹೆಂಗಸು ಒಳ್ಳೆಯ ಕನ್ನಡದಲ್ಲಿ, ಮೆಲ್ಲಗೆ, ಮಗುವಿನ ಎರಡೂ ಪಾದಗಳ ಮೇಲೆ ಹೆಬ್ಬೆರಳಿಟ್ಟು ಒತ್ತಿ ಮೂರು ಸೆಕೆಂಡು ಎಣಿಸಬೇಕೆಂದು ಹೇಳಿದಳು, ಒತ್ತಿ ತೋರಿಸಿದಳು, ಗುಳಿ ತೋರಿಸಿದಳು. ನಾಲ್ಕು ನಿಮಿಷಕ್ಕೆ ಮುಗಿಯಿತು.

"ಇಷ್ಟೇನಾ?" ಎಂದಳು ಈರಮ್ಮ.

"ಇಷ್ಟೇ ಅಕ್ಕ."

ಈರಮ್ಮ ತನ್ನ ಬಲಗೈ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು. "ಎಣ್ಣೆ ತಿಕ್ಕೋವಾಗ ಇಳೀತಿತ್ತು ಕಣವ್ವ ಬೆಳ್ಳು. ದಿನಾ ಇಳೀತಿತ್ತು. ಗುಳಿ ಬೀಳೋದು, ತುಸ ಹೊತ್ತು ಹಂಗೇ ಇರೋದು. ಹೊಸ ಮಾಂಸ ಅಲ್ವಾ, ಮೆತ್ಗಿರ್ತದೆ ಅನ್ಕಂಡು ನಾನ್ ಖುಷಿ ಪಟ್ಕಂಡಿದ್ನಲ್ಲ."

ಸುಚಿತ್ರಾ ಅತ್ತಳು. ಈರಮ್ಮ ಅಳಲಿಲ್ಲ. ಇನ್ನೊಂದು ಸಲ ಹಾಕು ಎಂದು ಕೇಳಿ, ಎರಡನೆಯ ಸಲವೂ ಪೂರ್ತಿ ನೋಡಿ, ಮೊಬೈಲನ್ನು ಸೆರಗಿನಲ್ಲಿ ಒರೆಸಿಕೊಂಡು ಹತ್ತು ಗಂಟೆಯ ಬಸ್ಸಿಗೆ ಹೋದಳು.

ಮಧ್ಯಾಹ್ನ ಮೇಲ್ವಿಚಾರಕಿಯ ಫೋನು ಬಂತು. "ಏನಮ್ಮಾ, ನಿನ್ನ ಕಡೇದೊಂದೇ ಬಾಕಿ. ಹದಿಮೂರೂ ಕೆಂಪು ತೋರಿಸ್ತಿದೆ. ಐದು ಗಂಟೆ ಒಳಗೆ ಆಗದಿದ್ರೆ ಅವರಿಗೆಲ್ಲ ನೋಟಿಸ್ ಹೋಗುತ್ತೆ. ಈರಮ್ಮಂದು ಆಗಿದ್ದು ಸಾಲದಾ?"

ಆ ಹದಿಮೂರು ಜನರಿಗೆ ಫೋನು ಮಾಡಿ ವಿಷಯ ಹೇಳೋಣವೆಂದರೆ ಅವರ ಫೋನುಗಳೆಲ್ಲ ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಸುಚಿತ್ರಾ ಮೂರೂವರೆಯವರೆಗೆ ಚೀಲವನ್ನೇ ನೋಡುತ್ತಾ ಕೂತಳು. ಆಮೇಲೆ ಎದ್ದು ಅದನ್ನು ಇಳಿಸಿ, ಮೊಬೈಲುಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿ, ಧ್ವನಿ ತೆಗೆದಳು. ಕ್ಯಾಲೆಂಡರಿನ ಹಾಳೆ ಬೇಕಾಗಲಿಲ್ಲ. ಏಳನೆಯ ಪ್ರಶ್ನೆ ಬಂದಾಗಲೆಲ್ಲ ಪೂರ್ತಿ ಓದಿ, ಬಿ ಒತ್ತಿದಳು. ಹದಿಮೂರು ಸಲವೂ ಸರಿಯುತ್ತರ ಎಂದು ಬಂತು.