ಚೀಟಿ ಕಿತ್ತ ದ್ರಾಕ್ಷಿ

ಹೊರದೇಶದಿಂದ ಹಡಗಿನಲ್ಲಿ ಬಂದ ದ್ರಾಕ್ಷಿ ಮಾರುವುದೆಂದರೆ ನಮ್ಮ ಬೀದಿಯ ಹಣ್ಣಿನಂಗಡಿಯಮ್ಮನಿಗೆ ಬಲು ಹೆಮ್ಮೆ. ಪೆಟ್ಟಿಗೆ ಬಂದ ಕೂಡಲೇ ಮೇಲಿನ ಚೀಟಿ ಕಿತ್ತು ಎಸೆಯುತ್ತಾಳೆ. ಎಲ್ಲ ಪೆಟ್ಟಿಗೆಯ ಹಣ್ಣನ್ನೂ ಒಂದೇ ಬುಟ್ಟಿಗೆ ಸುರಿದು ಗುಡ್ಡ ಕಟ್ಟುತ್ತಾಳೆ. ಚೀಟಿಯಲ್ಲಿ ಪೆಟ್ಟಿಗೆಯ ನಂಬರು, ಹಣ್ಣು ಕೊಯ್ದ ತಾರೀಕು ಇರುತ್ತವೆ, ತಾರೀಕು ಓದಿದ ಗಿರಾಕಿ ನೂರೆಂಟು ಪ್ರಶ್ನೆ ಕೇಳುತ್ತಾನೆ, ಅದಕ್ಕೇ ಈ ಉಪಾಯ. ಜಾಣೆಯೇ, ಸ್ವಲ್ಪ ಅತಿ ಜಾಣೆ.

ಒಂದು ಬೆಳಿಗ್ಗೆ ಅವಳ ಫೋನಿಗೆ ಸರ್ಕಾರದ ಕಂಪ್ಯೂಟರಿನಿಂದ ಸಂದೇಶ ಬಂತು. ಇಂಥ ನಂಬರಿನ ಪೆಟ್ಟಿಗೆಯ ದ್ರಾಕ್ಷಿಯಲ್ಲಿ ಕೀಟನಾಶಕ ಮಿತಿ ಮೀರಿದೆ, ಮಾರಬೇಡಿ ಎಂದಿತ್ತು. ಅವಳು ಓದಿ ನಕ್ಕಳು. ಅಷ್ಟರಲ್ಲಿ ಆಹಾರ ತಪಾಸಣೆಯ ಮೇಡಂ ಖುದ್ದಾಗಿ ಬಂದರು. ಇಬ್ಬರೂ ಒಂದೇ ಬೀದಿಯವರು, ಸಲುಗೆ ಇತ್ತು.

"ಬನ್ನಿ ಮೇಡಂ. ನಿಮ್ಮ ಕಂಪ್ಯೂಟರ್ ಯಾವತ್ತು ದ್ರಾಕ್ಷಿ ತಿಂದಿತ್ತಂತೆ?"

"ಅದು ತಿನ್ನಲ್ಲ ಅಕ್ಕ, ನೆನಪಿಟ್ಕೊಳ್ಳುತ್ತೆ. ಬಂದರಿಗೆ ಸರಕು ಬಂದಾಗ ಯಾರು ಬೆಳೆದಿದ್ದು, ಹಿಂದೆ ಇವರ ಹಣ್ಣಲ್ಲಿ ಔಷಧಿ ಜಾಸ್ತಿ ಸಿಕ್ಕಿತ್ತಾ ಅಂತ ನೋಡಿ, ಯಾವುದನ್ನ ಪರೀಕ್ಷೆ ಮಾಡ್ಬೇಕು ಅಂತ ಹೇಳುತ್ತೆ. ಪರೀಕ್ಷೆ ಮಾಡೋದು ಲ್ಯಾಬಿನವ್ರು. ತಪ್ಪು ಕಂಡ್ರೆ ಆ ಸರಕು ಹೋದ ಅಂಗಡಿಗೆಲ್ಲ ಕಂಪ್ಯೂಟರೇ ಸುದ್ದಿ ಮುಟ್ಟಿಸುತ್ತೆ."

"ಹಾಗಾದ್ರೆ ಬಂದರಲ್ಲೇ ತಡೀಬಾರ್ದಿತ್ತಾ?"

"ಎಲ್ಲಾನೂ ತಡೆದ್ರೆ ಹಣ್ಣು ಅಲ್ಲೇ ಕೊಳೆಯುತ್ತೆ. ಅನುಮಾನ ಇರೋದನ್ನ ನಿಲ್ಲಿಸ್ತೀವಿ. ಈ ಬೆಳೆಗಾರರ ಸರಕು ಬಂದಿದ್ದು ಇದೇ ಮೊದಲು, ಅದಕ್ಕೇ ಪರೀಕ್ಷೆಗೆ ಸ್ವಲ್ಪ ತೆಗೆದುಕೊಂಡು ಮಿಕ್ಕಿದ್ದನ್ನ ಬಿಟ್ವಿ, ಮುಂದಿನ ಸಲ ನಿಲ್ಲುತ್ತೆ. ಎಲ್ಲಿ, ಆ ಪೆಟ್ಟಿಗೆ ತೋರಿಸಿ."

ಅಂಗಡಿಯಮ್ಮ ಬುಟ್ಟಿಯ ಕಡೆ ನೋಡಿದಳು. ನಾಲ್ಕು ಪೆಟ್ಟಿಗೆಯ ಹಣ್ಣು ಒಂದೇ ಗುಡ್ಡವಾಗಿತ್ತು. ಚೀಟಿಗಳು ನಿನ್ನೆಯೇ ಕಸದ ಗಾಡಿ ಹತ್ತಿದ್ದವು.

"ಅಯ್ಯೋ, ಒಂದೆರಡು ಗೊಂಚಲಿಗೆ ಯಾರಿಗೂ ಏನೂ ಆಗಲ್ಲ ಬಿಡಿ," ಎಂದಳು. ದನಿ ಕುಗ್ಗಿತ್ತು.

ಆಗ ಒಳಗಿನಿಂದ ಸೊಸೆ ಬಂದಳು. ಏಳು ತಿಂಗಳ ಬಸುರಿ, ಕೈಯಲ್ಲಿ ತಟ್ಟೆ ತುಂಬ ಅದೇ ದ್ರಾಕ್ಷಿ. ಹೊರಗಿನ ಮಾತೆಲ್ಲ ಕಿವಿಗೆ ಬಿದ್ದಿತ್ತು.

"ಅತ್ತೆ, ಇವು ಯಾವ ಪೆಟ್ಟಿಗೆಯವು? ತಿನ್ನಬಹುದಾ?"

ಗಿರಾಕಿಗಳಿಗೆ ಹೇಳುವ ಸುಳ್ಳನ್ನು ಈ ಹುಡುಗಿಗೆ ಹೇಳಲು ಅತ್ತೆಗೆ ಮನಸ್ಸು ಬರಲಿಲ್ಲ. ಪಾಪ, ಕಣ್ಣಲ್ಲಿ ನೀರೇ ಬಂತು.

"ಗೊತ್ತಿಲ್ಲ ಮಗಳೇ. ನಾನೇ ಎಲ್ಲ ಬೆರೆಸಿಬಿಟ್ಟೆ," ಎಂದು ತಟ್ಟೆ ಇಸಿದುಕೊಂಡಳು.

"ನಿನ್ನೆಯೂ ತಿಂದೆನಲ್ಲ ಮೇಡಂ!" ಸೊಸೆ ಹೆದರಿದಳು.

"ಗಾಬರಿ ಬೇಡಮ್ಮ. ಮಿತೀನ ಅಪಾಯದ ಮಟ್ಟಕ್ಕಿಂತ ತುಂಬ ಕೆಳಗೇ ಇಟ್ಟಿರ್ತಾರೆ, ಒಂದೆರಡು ದಿನ ತಿಂದ್ರೆ ತೊಂದರೆ ಆಗೋದು ಕಡಿಮೆ. ಆದ್ರೂ ಡಾಕ್ಟರಿಗೆ ಒಂದ್ಮಾತು ಹೇಳು. ದಿನಾ ದಿನಾ ಹೊಟ್ಟೆಗೆ ಹೋಗಬಾರ್ದು ಅಂತಾನೇ ಈ ಕಾವಲು."

ಬುಟ್ಟಿಯಷ್ಟನ್ನೂ ಅಂಗಡಿಯಮ್ಮ ಮೇಡಂ ವಶಕ್ಕೆ ಕೊಟ್ಟಳು. ಒಂದು ಪೆಟ್ಟಿಗೆಯ ತಪ್ಪಿಗೆ ಮೂರು ಒಳ್ಳೆಯ ಪೆಟ್ಟಿಗೆಯೂ ಹೋಯಿತು. ಆಮೇಲೆ ಚಪ್ಪಲಿ ಮೆಟ್ಟಿ, ನಿನ್ನೆ ದ್ರಾಕ್ಷಿ ಕೊಂಡವರ ಮನೆಮನೆಗೂ ಹೋದಳು. "ಮಕ್ಕಳಿಗೆ ಕೊಡಬೇಡಿ, ತಪ್ಪು ನನ್ನದು," ಎಂದು ಬಾಗಿಲಲ್ಲಿ ನಿಂತು ಹೇಳಿದಳು. ಹಾಗೆ ಹೇಳಲು ಗುಂಡಿಗೆ ಬೇಕು.

ಅಂಗಡಿಯವರೇ, ಪೆಟ್ಟಿಗೆ ಖಾಲಿಯಾಗುವವರೆಗೆ ಚೀಟಿ ಕೀಳಬೇಡಿ, ಒಂದರ ಹಣ್ಣು ಇನ್ನೊಂದಕ್ಕೆ ಬೆರೆಸಬೇಡಿ. ಕೊಳ್ಳುವವರೇ, ಹೊರದೇಶದ ಹಣ್ಣೆಂದು ಹೆದರಬೇಡಿ, ಚೀಟಿ ತೋರಿಸಿ ಎಂದು ಕೇಳಿ, ತೊಳೆದು ತಿನ್ನಿ. ಸರ್ಕಾರದ ಕಂಪ್ಯೂಟರ್ ಅಂಗಡಿಯ ಬಾಗಿಲವರೆಗೆ ಕಾಯುತ್ತದೆ. ಅಲ್ಲಿಂದ ಮಗುವಿನ ಬಾಯಿಯವರೆಗೆ ಕಾಯಬೇಕಾದವರು ನಾವೇ.