ಅಜ್ಜಿಯೂ ಅವಳೇ, ಅತ್ತೆಯೂ ಅವಳೇ

ಕಂಪೈಲರ್ ಮತ್ತೆ ಸತ್ತುಬಿದ್ದಿತು. ಸೂಗಮ್ಮ ಲ್ಯಾಪ್‌ಟಾಪನ್ನು ಮಂಚದ ಮೇಲೆ ದೂಡಿ, "ಇದರ ಮನಿ ಹಾಳಾಗ!" ಎಂದಳು.

"ಯಾರ ಮನಿಯವ್ವ?" ರೊಟ್ಟಿ ಬಡಿಯುತ್ತಿದ್ದ ಗೊಲ್ಲಾಳಮ್ಮ ಒಲೆಯ ಮುಂದಿನಿಂದಲೇ ಕೇಳಿದಳು.

ಸೂಗಮ್ಮ ಗೋಗಿಯಿಂದ ಶಹಾಪುರದ ಕಾಲೇಜಿಗೆ ಹೋಗಿ ಪ್ರೋಗ್ರಾಮಿಂಗ್ ಕಲಿಸುತ್ತಾಳೆ. ಹೊಸದೊಂದು ಕಂಪ್ಯೂಟರ್ ಭಾಷೆಯಲ್ಲಿ, ತನ್ನ ಕ್ಲಾಸಿನ ಹುಡುಗಿಯರ ಜೊತೆ ಸೇರಿ, ಯಾರು ಯಾರಿಗೆ ಏನಾಗಬೇಕೆಂದು ಹೇಳುವ ಪ್ರೋಗ್ರಾಮ್ ಬರೆದಿದ್ದಳು. ಒಂದೊಂದು ನಂಟಿಗೂ ಒಂದೊಂದು ಟೈಪು, ಅಂದರೆ ಒಂದೊಂದು ಬಗೆ. ಅದನ್ನು ಓದಿ ಯಂತ್ರಕ್ಕೆ ತಿಳಿಸಬೇಕಾದ ಕಂಪೈಲರ್ ಮಾತ್ರ ಅರ್ಧದಲ್ಲೇ ಕುಸಿಯುತ್ತಿತ್ತು. ತಪ್ಪಿದ್ದರೆ ತಪ್ಪೆನ್ನಲಿ, ಸಾಯುವುದೇಕೆ? ಭಾಷೆ ಕಟ್ಟಿದವರಿಗೆ ದೂರು ಬರೆದರೆ, "ದೋಷ ನಿಮ್ಮ ಪ್ರೋಗ್ರಾಮಿನದೇ ಇರಬೇಕು. ದೋಷ ತೋರಿಸುವ ಚಿಕ್ಕ ಉದಾಹರಣೆ ಕೊಡದಿದ್ದರೆ ಇಂದೇ ದೂರು ಮುಚ್ಚುತ್ತೇವೆ" ಎಂಬ ಉತ್ತರ. ಹುಡುಗಿಯರೂ "ಮೇಡಂದೇ ಮಿಸ್ಟೇಕ್" ಎಂದು ಪಿಸುಗುಡತೊಡಗಿದ್ದರು. ಅದು ಅವಳಿಗೆ ಬಹಳ ಚುಚ್ಚಿತ್ತು.

ಹಟ ಹಿಡಿದು ಒಂದೊಂದೇ ನಂಟನ್ನು ಕಿತ್ತು ನೋಡಿದಳು. ಚಿಕ್ಕಪ್ಪನನ್ನು ಕಿತ್ತಳು, ಸತ್ತಿತು. ನಾದಿನಿಯನ್ನು ಕಿತ್ತಳು, ಸತ್ತಿತು. ಅತ್ತೆಯನ್ನು ಕಿತ್ತಳು. ಸಾಯಲಿಲ್ಲ! ಅತ್ತೆಯನ್ನು ಮರಳಿ ತಂದು ಅಜ್ಜಿಯನ್ನು ಕಿತ್ತಳು. ಆಗಲೂ ಬದುಕಿತು.

ಸೂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳು ಮದುವೆಯಾದದ್ದು ಸೋದರಮಾವ ಅಯ್ಯಣ್ಣನನ್ನು. ತಾಯಿಯ ತಾಯಿ ಗೊಲ್ಲಾಳಮ್ಮನೇ ಅತ್ತೆ. ಮಾದರಿಗೆಂದು ತನ್ನ ಮನೆಯನ್ನೇ ಬರೆದಿದ್ದಳು. 'ಅಜ್ಜಿ ಅತ್ತೆಯೂ ಹೌದೇ?' ಎಂದು ತಿಳಿಯಲು ಕಂಪೈಲರ್ 'ಅತ್ತೆ ಅಜ್ಜಿಯೂ ಹೌದೇ?' ಎಂದು ತನ್ನನ್ನೇ ಕೇಳಿಕೊಳ್ಳುತ್ತಿತ್ತು. ಅದನ್ನು ತಿಳಿಯಲು ಮತ್ತೆ ಮೊದಲಿನ ಪ್ರಶ್ನೆ. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಬೀಳುತ್ತಿತ್ತು. ಒಮ್ಮೆ ಕೇಳಿದ್ದನ್ನು ನೆನಪಿಟ್ಟುಕೊಂಡಿದ್ದರೆ ಸಾಕಿತ್ತು.

ಅದನ್ನೇ ಬರೆದು, ನಾಲ್ಕು ಸಾಲಿನ ಉದಾಹರಣೆಯ ಜೊತೆ ಕಳಿಸಿದಳು. ಅಯ್ಯಣ್ಣ ಕಾಲುವೆಯ ಕಡೆಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಉತ್ತರ ಬಂತು. "ತಪ್ಪು ನಮ್ಮದೇ. ಇಂಥ ಮನೆಯೂ ಇರಬಹುದೆಂದು ನಮಗೆ ಹೊಳೆದಿರಲಿಲ್ಲ. ಕಂಪೈಲರ್ ತಿದ್ದಿದಾಗಲೆಲ್ಲ ನಾವು ನಡೆಸುವ ಪರೀಕ್ಷೆಗಳಿಗೆ ಈ ಉದಾಹರಣೆಯನ್ನು ಸೇರಿಸುತ್ತೇವೆ. ಏನು ಹೆಸರಿಡೋಣ?"

ಸೂಗಮ್ಮ ಬರೆದಳು: ಗೊಲ್ಲಾಳಮ್ಮ.

"ಅಜ್ಜೀ, ಇನ್ನ ಮ್ಯಾಲ ಈ ಭಾಷಾ ತಿದ್ದೋರೆಲ್ಲ ಮೊದಲ ನಿನ್ನ ಪರೀಕ್ಷಾದಾಗ ಪಾಸಾಗಬೇಕು ನೋಡು!"

"ನಾ ಸಾಲಿ ಕಟ್ಟಿನೇ ಹತ್ತಿಲ್ಲ, ನಂದೇನ್ ಪರೀಕ್ಷಾ? ಅಜ್ಜಿ ಅಂತ ಬರದೀಯೇನ್, ಅತ್ತಿ ಅಂತೇನ್?"

"ಎರಡೂ."

"ಹೌದಾ?" ಮುದುಕಿಯ ಮುಖ ಅರಳಿತು. ಮರುಕ್ಷಣವೇ, "ರೊಟ್ಟಿ ಆರಾಕತ್ತಾವ, ಸೊಸಿಗಿ ಖಬರ ಇಲ್ಲ!" ಎಂದು ಗದರಿ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಮೊದಲ ತುತ್ತು ಮುರಿದು ಮೊಮ್ಮಗಳ ಬಾಯಿಗಿಟ್ಟಳು.